ಮೊದಲ ದಿನಕ್ಕೆ ಮರಳಿಸುವ ಕಡತ

2014ರ ನವೆಂಬರಿನಲ್ಲಿ ಗೂಗಲ್‌ನ ಮೊದಲ ನೆಕ್ಸಸ್ 7 ಟ್ಯಾಬ್ಲೆಟ್‌ಗೆ ಆಂಡ್ರಾಯ್ಡ್ 5.0 ಬಂತು. ಲಾಲಿಪಾಪ್ ಎಂಬ ಸಿಹಿ ಹೆಸರಿನ ಆ ಆವೃತ್ತಿಯನ್ನು ಹಾಕಿಕೊಂಡ ಅನೇಕರಿಗೆ ಮರುದಿನವೇ ಬಾಯಿ ಕಹಿಯಾಯಿತು. ಬೆರಳಿಟ್ಟರೆ ಪರದೆ ಒಂದೆರಡು ಕ್ಷಣ ಸುಮ್ಮನಿರುತ್ತಿತ್ತು, ಪುಸ್ತಕದ ಪುಟ ತಿರುಗಲು ತಡವರಿಸುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ, ಬ್ಯಾಟರಿ ಸತ್ತಿರಲಿಲ್ಲ. ಒಳಗಿನ ತಂತ್ರಾಂಶ ಮಾತ್ರ ಯಂತ್ರದ ವಯಸ್ಸನ್ನು ಮೀರಿ ಬೆಳೆದಿತ್ತು.

ಏಸುಸ್ ತಯಾರಿಸಿದ ಈ ಏಳಿಂಚಿನ ಟ್ಯಾಬ್ಲೆಟ್ ಘೋಷಣೆಯಾದದ್ದು 2012ರ ಜೂನ್ 27ರಂದು. ಎನ್ವಿಡಿಯಾದ ಟೆಗ್ರಾ 3 ಚಿಪ್, 1 ಜಿಬಿ ರ‍್ಯಾಮ್, ಅಮೆರಿಕದಲ್ಲಿ ಆರಂಭದ ಬೆಲೆ 199 ಡಾಲರ್. 2013ರಲ್ಲಿ ಭಾರತದ ಗೂಗಲ್ ಪ್ಲೇ ಅಂಗಡಿಯಲ್ಲಿ 16 ಜಿಬಿ ಮಾದರಿಗೆ 15,999 ರೂಪಾಯಿ. ಇದರ ದೌರ್ಬಲ್ಯ ಮೊದಲಿಂದಲೂ ಅದರ ಫ್ಲ್ಯಾಶ್ ಸಂಗ್ರಹದಲ್ಲಿತ್ತು. ಅಳಿಸಿದ ಜಾಗವನ್ನು ಖಾಲಿಯೆಂದು ಚಿಪ್‌ಗೆ ತಿಳಿಸದಿದ್ದರೆ ಅದು ಹಳೆಯ ಕಸವನ್ನು ಜೋಪಾನ ಮಾಡುತ್ತಾ ಬರಬರುತ್ತಾ ನಿಧಾನವಾಗುತ್ತದೆ. ಹಾಗೆ ತಿಳಿಸುವ ಟ್ರಿಮ್ ಎಂಬ ವ್ಯವಸ್ಥೆ ಆಂಡ್ರಾಯ್ಡ್‌ಗೆ ಬಂದದ್ದು 2013ರ ಜುಲೈನ 4.3ರಲ್ಲಿ. ಅದರಿಂದ ಒಮ್ಮೆ ಚೇತರಿಸಿಕೊಂಡಿದ್ದ ಟ್ಯಾಬ್ಲೆಟ್ 5.0 ಬಂದ ಮೇಲೆ ಮತ್ತೆ ಏದುಸಿರು ಬಿಡತೊಡಗಿತು.

ಆಗ ಅನೇಕರು ಹಿಂದಕ್ಕೆ ಹೊರಟರು, 2014ರ ಜೂನ್‌ನ 4.4.4ಕ್ಕೆ. ಟ್ಯಾಬ್ಲೆಟ್ಟನ್ನು ಆರಿಸಿ, ಪವರ್ ಗುಂಡಿ ಮತ್ತು ದನಿ ತಗ್ಗಿಸುವ ಗುಂಡಿಯನ್ನು ಒಟ್ಟಿಗೆ ಒತ್ತಿ ಹಿಡಿದರೆ ಬೂಟ್‌ಲೋಡರ್ ತೆರೆಯುತ್ತದೆ. ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ಫಾಸ್ಟ್‌ಬೂಟ್ ಎಂಬ ಸಣ್ಣ ಉಪಕರಣದಿಂದ ಬೀಗ ತೆಗೆಯಬೇಕು. ಬೀಗ ತೆಗೆದ ಕೂಡಲೇ ಒಳಗಿನ ಫೋಟೋ, ಪತ್ರ ಎಲ್ಲವೂ ಅಳಿದುಹೋಗುತ್ತದೆ. ಕದ್ದವನು ಬೇರೆ ತಂತ್ರಾಂಶ ಹಾಕಿ ಮಾಲೀಕನ ಗುಟ್ಟು ಓದಬಾರದೆಂದು ಹಾಗಿದೆ. ನಂತರ ಗೂಗಲ್ ತಾಣದಿಂದ ಇಳಿಸಿಕೊಂಡ ‘ಫ್ಯಾಕ್ಟರಿ ಇಮೇಜ್’ ಕಡತದೊಳಗಿನ ಒಂದು ಸ್ಕ್ರಿಪ್ಟ್ ಓಡಿಸಿದರೆ ಬೂಟ್‌ಲೋಡರ್, ಕರ್ನಲ್, ರಿಕವರಿ, ಸಿಸ್ಟಮ್ ಒಂದೊಂದಾಗಿ ತಮ್ಮ ಜಾಗಕ್ಕೆ ಬರೆಸಿಕೊಳ್ಳುತ್ತವೆ. ಕೆಲವು ನಿಮಿಷಗಳಲ್ಲಿ ಟ್ಯಾಬ್ಲೆಟ್ ಅಂಗಡಿಯಿಂದ ಆಗ ತಾನೆ ಬಂದಂತೆ ಸ್ವಾಗತ ಹೇಳುತ್ತದೆ.

ಅಂಥ ಕಡತ ಯಾರ ಕೈಗಾದರೂ ಸಿಗುವಂತೆ ಇರುವುದು ಸಹಜವೆಂದು ಈಗ ತೋರುತ್ತದೆ. ಅದು ಸಹಜವಾಗಿರಲಿಲ್ಲ. ‘ಫರ್ಮ್‌ವೇರ್’ ಎಂಬ ಪದವನ್ನು 1967ರಲ್ಲಿ ‘ಡೇಟಾಮೇಷನ್’ ಪತ್ರಿಕೆಯಲ್ಲಿ ಬಳಕೆಗೆ ತಂದ ಆಷರ್ ಓಪ್ಲರ್‌ಗೆ ಅದು ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವಿನ ವಸ್ತು, ಕಂಪ್ಯೂಟರ್ ತಯಾರಕರು ಮುಟ್ಟುವ ಸಂಗತಿ. ಕೊಂಡವರು ಮನೆಯಲ್ಲಿ ಕೂತು ಅದನ್ನು ಬದಲಿಸುವ ಪ್ರಶ್ನೆಯೇ ಆಗ ಇರಲಿಲ್ಲ.

ಪ್ರಶ್ನೆ ಗಟ್ಟಿಯಾಗಿ ಎದ್ದದ್ದು 2009ರ ಸೆಪ್ಟೆಂಬರಿನಲ್ಲಿ. ಸ್ಟೀವ್ ಕೊಂಡಿಕ್ ಎಂಬ ಪ್ರೋಗ್ರಾಮರ್ ‘ಸಯನೋಜೆನ್‌ಮಾಡ್’ ಹೆಸರಿನಲ್ಲಿ ಆಂಡ್ರಾಯ್ಡ್‌ನ ತಿದ್ದಿದ ಆವೃತ್ತಿ ಹಂಚುತ್ತಿದ್ದರು. ಅದರಲ್ಲಿ ಜಿಮೇಲ್, ನಕಾಶೆ, ಮಾರ್ಕೆಟ್ ಕೂಡ ಇದ್ದವು. ಆಂಡ್ರಾಯ್ಡ್ ಮುಕ್ತ, ಆದರೆ ಆ ಆ್ಯಪ್‌ಗಳು ತನ್ನ ಸ್ವತ್ತು ಎಂದು ಗೂಗಲ್ ಕಾನೂನು ಪತ್ರ ಕಳಿಸಿತು. ಬಳಕೆದಾರರು ಕಂಡುಕೊಂಡ ದಾರಿ ಸ್ವಾರಸ್ಯದ್ದು. ಎಚ್‌ಟಿಸಿ ತನ್ನ ಡೆವಲಪರ್ ಫೋನ್‌ಗಾಗಿ ಅಧಿಕೃತ ಇಮೇಜ್ ಒಂದನ್ನು ಬಹಿರಂಗವಾಗಿ ಇಟ್ಟಿತ್ತು. ಮೊದಲು ಅದನ್ನು ಹಾಕುವುದು, ಗೂಗಲ್ ಆ್ಯಪ್‌ಗಳು ಅದರಿಂದ ಬರಲಿ, ಮೇಲೆ ಸಯನೋಜೆನ್ ಹಚ್ಚುವುದು. ಆಂಡ್ರಾಯ್ಡ್ ಎಂದು ಜನ ಕರೆಯುವುದರಲ್ಲಿ ಮುಕ್ತವಾದದ್ದು ಎಷ್ಟು, ಯಾರದೋ ಸ್ವತ್ತಾದದ್ದು ಎಷ್ಟು ಎಂಬ ಗೆರೆ ಬಳಕೆದಾರರ ಕಣ್ಣಿಗೆ ಸ್ಪಷ್ಟವಾದದ್ದು ಆ ಜಗಳದಲ್ಲೇ.

ನಾಲ್ಕು ವರ್ಷದ ನಂತರ ಅದೇ ಗೆರೆ ಗೂಗಲ್‌ನ ಒಳಗಿನವರನ್ನೇ ಕಾಡಿತು. ಫ್ರೆಂಚ್ ಮೂಲದ ಝಾನ್-ಬಾಪ್ಟಿಸ್ಟ್ ಕೆರು ಆಂಡ್ರಾಯ್ಡ್‌ನ ಮುಕ್ತ ಯೋಜನೆಯನ್ನು ನೋಡಿಕೊಳ್ಳುತ್ತಿದ್ದರು. 2013ರ ಜುಲೈನಲ್ಲಿ ಎರಡನೆಯ ನೆಕ್ಸಸ್ 7 ಬಂತು, ಈ ಬಾರಿ ಕ್ವಾಲ್ಕಾಮ್ ಚಿಪ್‌ನೊಂದಿಗೆ. ಟ್ಯಾಬ್ಲೆಟ್ ಅಂಗಡಿಗೆ ಬಂದರೂ ಅದರ ಫ್ಯಾಕ್ಟರಿ ಇಮೇಜ್ ಬರಲಿಲ್ಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗದ ಚಾಲಕ ತಂತ್ರಾಂಶ ಹಂಚುವುದಕ್ಕೆ ಕಾನೂನಿನ ತೊಡಕು. ಆಗಸ್ಟ್ ಮೊದಲ ವಾರದಲ್ಲಿ ಕೆರು ತಮ್ಮ ಹೊಣೆ ಬಿಡುವುದಾಗಿ ಬಹಿರಂಗವಾಗಿ ಬರೆದರು. ತನ್ನದೇ ಮುಖ್ಯ ಸಾಧನದಲ್ಲಿ ಮುಖಪರದೆಯವರೆಗೂ ಏಳಲಾಗದ ತಂತ್ರಾಂಶಕ್ಕೆ ಪಾಲಕನೆನಿಸಿಕೊಂಡು ಫಲವೇನು, ಆರು ತಿಂಗಳಿಗೂ ಮುಂಚೆ ಎಚ್ಚರಿಸಿದ್ದರೂ ಸರಿಪಡಿಸುವ ಅಧಿಕಾರವಿಲ್ಲದೆ ಬೈಗುಳ ಮಾತ್ರ ತನ್ನ ಪಾಲಿಗೇಕೆ ಎಂಬುದು ಅವರ ಮಾತಿನ ಸಾರ. ಇಮೇಜ್ ಅದೇ ತಿಂಗಳು ಬಂತು. ಕೆರು ಮರಳಲಿಲ್ಲ. ಒಂದು ಕಡತಕ್ಕಾಗಿ ಒಬ್ಬ ಎಂಜಿನಿಯರ್ ಹುದ್ದೆ ತೊರೆಯುವುದು ಅತಿಯೆಂದು ಕಾಣಬಹುದು. ಆದರೆ ಆ ಕಡತವಿಲ್ಲದೆ ಟ್ಯಾಬ್ಲೆಟ್ ಕೆಡಿಸಿಕೊಂಡವರಿಗೆ ಸರ್ವಿಸ್ ಕೇಂದ್ರದ ಹೊರತು ಬೇರೆ ಗತಿಯಿಲ್ಲ.

ಎಲ್ಲರೂ ಈ ದಾರಿ ಹಿಡಿಯಲಿಲ್ಲ. 2010ರ ಮೊದಲ ಐಪ್ಯಾಡ್ 3.2 ಆವೃತ್ತಿಯೊಂದಿಗೆ ಹುಟ್ಟಿ 5.1.1ಕ್ಕೆ ನಿಂತಿತು. ಅದಕ್ಕೂ ಮೂಲ ಕಡತಗಳಿವೆ. ಆದರೆ ಮರುಸ್ಥಾಪಿಸುವ ಹೊತ್ತಿಗೆ ಆಪಲ್‌ನ ಸರ್ವರ್ ಆ ಆವೃತ್ತಿಗೆ ಸಹಿ ಹಾಕಬೇಕು. ಹಳೆಯದಕ್ಕೆ ಸಹಿ ನಿಂತುಹೋಗಿದೆ. ಕಡತ ಕೈಯಲ್ಲಿದ್ದೂ ಬಾಗಿಲು ಮುಚ್ಚಿರುತ್ತದೆ.

ನೆಕ್ಸಸ್ 7ರ ಉದಾರತೆಗೂ ಒಂದು ತಳವಿತ್ತು. ಬೂಟ್‌ಲೋಡರ್ ಅಳಿಸಿ ಹೊಸದು ಬರೆಯುವ ನಡುವೆ ಕೇಬಲ್ ಕಿತ್ತುಬಂದರೆ ಟ್ಯಾಬ್ಲೆಟ್ ಎಪಿಎಕ್ಸ್ ಎಂಬ ಎನ್ವಿಡಿಯಾದ ಆಳದ ಸ್ಥಿತಿಗೆ ಬೀಳುತ್ತದೆ. ಪ್ರತಿ ಯಂತ್ರಕ್ಕೂ ಬೇರೆಯಾದ ಗುಟ್ಟಿನ ಕೀಲಿ ಅಲ್ಲಿದೆ. ಮುಂಚೆಯೇ ಆ ಯಂತ್ರದಿಂದ ವಿಶೇಷ ಪ್ರತಿ ತೆಗೆದಿಟ್ಟುಕೊಂಡಿದ್ದವರು ಬಚಾವ್. ಉಳಿದವರ ಕೈಯಲ್ಲಿ ಗಾಜಿನ ಹಲಗೆ.

ಇದಕ್ಕೆ ತಿರುಗುಮುರುಗು ಆಕಾಶ್. 2012ರ ನವೆಂಬರಿನಲ್ಲಿ ದೆಹಲಿಯಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಿಡುಗಡೆ ಮಾಡಿದ ಆಕಾಶ್-2ರಲ್ಲಿದ್ದದ್ದು ಆಲ್‌ವಿನ್ನರ್‌ನ ಅಗ್ಗದ ಎ13 ಚಿಪ್, 512 ಎಂಬಿ ರ‍್ಯಾಮ್. ಚಿಪ್‌ನ ಅಳಿಸಲಾಗದ ರಾಮ್‌ನಲ್ಲೇ ಫೆಲ್ ಎಂಬ ಪಾರಾಗುವ ದಾರಿ ಇದೆ. ಎಸ್‌ಡಿ ಕಾರ್ಡಿನಿಂದಲೂ ಅದು ಏಳುತ್ತದೆ. ಐಐಟಿ ಬಾಂಬೆಯವರು ಅದರ ಮೇಲೆ ಲಿನಕ್ಸನ್ನೂ ಓಡಿಸಿದರು. ಎ13 ಹಾಕಿದ ಅಗ್ಗದ ಟ್ಯಾಬ್ಲೆಟ್ಟುಗಳನ್ನು ಪೂರ್ತಿ ಕೊಲ್ಲುವುದೇ ಕಷ್ಟ. ಅವುಗಳ ತೊಂದರೆ ಬೇರೆ: ಹೊರಗೆ ಒಂದೇ ಹೆಸರು, ಒಳಗೆ ಬೇರೆ ಬೇರೆ ಬೋರ್ಡು. ಸರಿಯಾದ ಇಮೇಜ್ ಯಾವುದೆಂದು ತಿಳಿಯದೆ ಹಾಕಿದರೆ ಎಡಕ್ಕೆ ಮುಟ್ಟಿದ್ದು ಬಲಕ್ಕೆ ತಾಗುತ್ತದೆ. ಬಾಗಿಲು ತೆರೆದೇ ಇದೆ, ಮನೆಯ ವಿಳಾಸ ಬರೆದಿಟ್ಟವರಿಲ್ಲ.

ನೆಕ್ಸಸ್ 7ಕ್ಕೆ ಮರಳಿದರೆ, ಕನ್ನಡಿಗರಿಗೆ ಅಲ್ಲಿ ಇನ್ನೊಂದು ಲೆಕ್ಕವಿತ್ತು. ಆ ಟ್ಯಾಬ್ಲೆಟ್ ಹುಟ್ಟಿದ್ದು ಆಂಡ್ರಾಯ್ಡ್ 4.1ರೊಂದಿಗೆ; ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳನ್ನು ಮೂಡಿಸುವ ವ್ಯವಸ್ಥೆ ಆಂಡ್ರಾಯ್ಡ್‌ಗೆ ಸೇರಿದ್ದೂ ಅದೇ ಆವೃತ್ತಿಯಲ್ಲಿ. ಒತ್ತಕ್ಷರದ ಜಾಗದಲ್ಲಿ ಖಾಲಿ ಚೌಕ ನೋಡಿ ಅಭ್ಯಾಸವಾಗಿದ್ದ ಓದುಗರಿಗೆ ಅದು ಸಣ್ಣ ಮಾತಲ್ಲ. ಆದರೆ ಸೆಟ್ಟಿಂಗ್ಸ್, ಮೆನು, ಎಚ್ಚರಿಕೆ ಎಲ್ಲವೂ ಕನ್ನಡದಲ್ಲೇ ಕಾಣುವಂತೆ ಕನ್ನಡ ಭಾಷಾಪಟ್ಟಿಗೆ ಸೇರಿದ್ದು 5.0ರಲ್ಲಿ, ಅಂದರೆ ಟ್ಯಾಬ್ಲೆಟ್ಟನ್ನು ನಿಧಾನಗೊಳಿಸಿದ ಆ ಲಾಲಿಪಾಪ್‌ನಲ್ಲೇ. 4.4.4ಕ್ಕೆ ಹಿಂದಿರುಗಿದವರಿಗೆ ಪರದೆ ಚುರುಕಾಯಿತು, ಪಟ್ಟಿಯಲ್ಲಿ ಕನ್ನಡ ಇಲ್ಲವಾಯಿತು. ಎರಡರಲ್ಲಿ ಯಾವುದು ಮೂಲ ಎಂಬುದಕ್ಕೆ ಕಾರ್ಖಾನೆಯ ಬಳಿ ಉತ್ತರವಿರಲಿಲ್ಲ, ಎರಡೂ ಅಧಿಕೃತ ಕಡತಗಳೇ.

2023ರ ಆಗಸ್ಟ್‌ನಿಂದ ಗೂಗಲ್ 4.4ಕ್ಕೆ ಪ್ಲೇ ಸೇವೆಗಳ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿದೆ. ಈಗ ಹಾಗೆ ಹಿಂದಿರುಗಿಸಿದ ಟ್ಯಾಬ್ಲೆಟ್‌ನಲ್ಲಿ ಅನೇಕ ಆ್ಯಪ್‌ಗಳು ಏಳುವುದಿಲ್ಲ, ಹಲವು ಜಾಲತಾಣಗಳ ಪ್ರಮಾಣಪತ್ರವನ್ನು ಅದು ನಂಬುವುದಿಲ್ಲ. ಕೇಬಲ್‌ನಿಂದ ತುಂಬಿದ ಹಾಡು, ಪುಸ್ತಕಗಳಿಗೆ ತೊಂದರೆಯಿಲ್ಲ. ಕನ್ನಡದ ಇ-ಪುಸ್ತಕವನ್ನು ತೆರೆದರೆ ಒತ್ತಕ್ಷರಗಳು ತಮ್ಮ ಜಾಗದಲ್ಲೇ ಕೂರುತ್ತವೆ, ಪುಟ ತಡವರಿಸದೆ ತಿರುಗುತ್ತದೆ.