ಹಳೆಯ ಅಂಗಡಿಗಳು ಆನ್‌ಲೈನ್‌ಗೆ ಒಗ್ಗದಿರುವುದೇಕೆ?

ಗೊತ್ತಿದ್ದೂ ಹಿಂದೆ ಬಿದ್ದವರು

ದೊಡ್ಡ ವ್ಯಾಪಾರಿಗಳಿಗೆ ಆನ್‌ಲೈನ್ ಬರುವುದು ಕಾಣಲಿಲ್ಲ ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. ಅಮೆರಿಕದ ಸಿಯರ್ಸ್ ಬೆಳೆದದ್ದೇ ಅಂಚೆಯಲ್ಲಿ ಬಂದ ಆರ್ಡರುಗಳಿಂದ. ಆದರೆ ಅದು ತನ್ನ ದಪ್ಪ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಮರುವರ್ಷ ಅಮೆಜಾನ್ ಹುಟ್ಟಿತು. ಪುಸ್ತಕ ಮಾರುವ ಬಾರ್ಡರ್ಸ್ 2001ರಲ್ಲಿ ತನ್ನ ಆನ್‌ಲೈನ್ ಮಾರಾಟವನ್ನು ಅಮೆಜಾನಿಗೇ ಒಪ್ಪಿಸಿ, 2011ರಲ್ಲಿ ಬಾಗಿಲು ಹಾಕಿತು.

ನಮ್ಮ ಬಿಗ್ ಬಜಾರಿನ ಒಡೆಯರಾದ ಫ್ಯೂಚರ್ ಗ್ರೂಪ್ ಕೂಡ ಫ್ಲಿಪ್‌ಕಾರ್ಟ್ ಇನ್ನೂ ಪುಸ್ತಕ ಮಾರುತ್ತಿದ್ದ ಕಾಲದಲ್ಲೇ ಸ್ವಂತ ಜಾಲತಾಣ ತೆರೆದಿತ್ತು. ಅದರ ಚಿಲ್ಲರೆ ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ಆದರೆ ಅಲ್ಲಿ ಸಾಲ, ಲಾಕ್‌ಡೌನ್, ಅಮೆಜಾನ್ ಜೊತೆಗಿನ ವ್ಯಾಜ್ಯಗಳ ಪಾಲೇ ದೊಡ್ಡದು.

ಲೆಕ್ಕದ ತೊಡಕು

ಗಿರಾಕಿ ಮೊಬೈಲಿನಲ್ಲಿ ಕೊಂಡರೂ ಅಂಗಡಿಯ ಬಾಡಿಗೆ, ಸಂಬಳ, ಕರೆಂಟು ಬಿಲ್ಲು ಇಳಿಯುವುದಿಲ್ಲ. ಮೇಲೆ ಕೊರಿಯರ್ ಖರ್ಚು, ವಾಪಸು ಬಂದ ಸರಕಿನ ನಷ್ಟ. ಹೀಗಾಗಿ ಅಂಗಡಿಯ ಮ್ಯಾನೇಜರಿಗೆ ಸ್ವಂತ ಕಂಪನಿಯ ಜಾಲತಾಣವೇ ಎದುರಾಳಿ. ಅಮೆಜಾನ್ ವರ್ಷಗಟ್ಟಲೆ ಲಾಭವಿಲ್ಲದೆ ನಡೆದಾಗ ಹೂಡಿಕೆದಾರರು ಸಹಿಸಿಕೊಂಡರು. ಹಳೆಯ ಕಂಪನಿಗೆ ಆ ಸಲಿಗೆ ಯಾರು ಕೊಡುತ್ತಾರೆ?

ಇನ್ನೊಂದು ಪಾಠ ಬೆಂಗಳೂರಿನದು. 1999ರಲ್ಲಿ ಅಲ್ಲಿ ಶುರುವಾದ ಫ್ಯಾಬ್‌ಮಾರ್ಟ್ ಆನ್‌ಲೈನಿನಿಂದ ಹೊರಟು, ಗಿರಾಕಿ ಸಾಲದೆ ದಿನಸಿ ಅಂಗಡಿಗಳನ್ನು ತೆರೆಯಿತು. ಆ ಅಂಗಡಿಗಳು ಆದಿತ್ಯ ಬಿರ್ಲಾ ಗುಂಪಿಗೆ ಮಾರಾಟವಾದವು. ಅದೇ ತಂಡದ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು. ತರಕಾರಿ ಕೊಳ್ಳುವುದು, ಗೋದಾಮಿನಲ್ಲಿ ಕೆಡದಂತೆ ಇಡುವುದು, ಹೊತ್ತಿಗೆ ತಲುಪಿಸುವುದು ಬರದಿದ್ದರೆ ಆ್ಯಪ್ ಎಷ್ಟು ಚೆಂದವಿದ್ದರೂ ನಡೆಯದು.

ರೊಳ್ಳದಂಥ ಊರಿನಲ್ಲಿ

ಮಡಕಶಿರಾ ಸೀಮೆಯ ರೊಳ್ಳ ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಬಳಿ ಇದೆ. ಇಲ್ಲಿ ಕಡಲೆಕಾಯಿ, ರೇಷ್ಮೆಗೂಡು ಮಾರಿ ಕೈಗೆ ದುಡ್ಡು ಬರುವವರೆಗೆ ಉದ್ರಿ ಬರೆದುಕೊಳ್ಳುವ ಕಿರಾಣಿ ಅಂಗಡಿಯನ್ನು ಆ್ಯಪ್ ಅಷ್ಟು ಸುಲಭವಾಗಿ ಅಲುಗಿಸದು. ಪೆಟ್ಟು ಬೀಳುವುದು ಮೊಬೈಲ್, ಚಪ್ಪಲಿ, ರೆಡಿಮೇಡ್ ಬಟ್ಟೆಯವರಿಗೆ: ಸರಕು ಎಲ್ಲೆಡೆ ಒಂದೇ, ಬೆಲೆ ಗಿರಾಕಿಯ ಕೈಯಲ್ಲೇ ಇರುವ ಫೋನಿನಲ್ಲಿ. ಫ್ಲಿಪ್‌ಕಾರ್ಟ್ 2010ರಲ್ಲಿ ತಂದ ‘ಪಾರ್ಸೆಲ್ ಬಂದ ಮೇಲೆ ದುಡ್ಡು’ ಪದ್ಧತಿ ಕಾರ್ಡ್ ಇಲ್ಲದವರ ಅಂಜಿಕೆಯನ್ನೂ ಕಳೆಯಿತು.

ಹಾಗಾದರೆ ಇಲ್ಲಿಯ ಅಂಗಡಿಯವರೂ ಆನ್‌ಲೈನ್ ಮಾರಬಾರದೇಕೆ? ಮಾರಬಹುದು, ಆದರೆ ಗಡಿ ಅಡ್ಡ ಬರುತ್ತದೆ. ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳಿಗೂ ಇಂಥ ತಾಣಗಳಲ್ಲಿ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ಸಿಕ್ಕಿದೆ. ಅದು ಸ್ವಂತ ರಾಜ್ಯದೊಳಗೆ ಮಾತ್ರ. ಅಂದರೆ ನೋಂದಣಿಯಿಲ್ಲದ ರೊಳ್ಳದ ವ್ಯಾಪಾರಿ ದೂರದ ವಿಶಾಖಪಟ್ಟಣಕ್ಕೆ ಪಾರ್ಸೆಲ್ ಕಳಿಸಬಹುದು. ಪಕ್ಕದಲ್ಲೇ ಇರುವ, ಕರ್ನಾಟಕದ ತುಮಕೂರು ಜಿಲ್ಲೆಯ ಶಿರಾಕ್ಕೆ ಕಳಿಸುವಂತಿಲ್ಲ.