ಟೊಲಿಡೋ ಕ್ಲಬ್‌ನ ಗಡಿಯಾರ

ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲೇ ಕೂತು ನೋಡ್ತಿದ್ರೂ ಊಟ ಆಗಿದೆ ಅಂದ್ಕೊಂಡು ಶುರು ಮಾಡ್ತೀನಿ. ಇವತ್ತಿನ ಕಥೆಯೂ ಒಂದು ಊಟದಿಂದಲೇ ಶುರುವಾಗುತ್ತೆ.

ಕೆಲವು ವರ್ಷಗಳ ಹಿಂದೆ ಹೈದರಾಬಾದಿನಲ್ಲಿ ನಮ್ಮ ಟೀಮ್ ಔಟಿಂಗ್ ಒಂದು ಗಾಲ್ಫ್ ಕ್ಲಬ್‌ನಲ್ಲಿ ಇತ್ತು. ನಮ್ಮಲ್ಲಿ ಒಬ್ಬರಿಗೂ ಗಾಲ್ಫ್ ಬರೋದಿಲ್ಲ, ಅದು ಬೇರೆ ಮಾತು. ಕ್ಯಾಬ್ ಓಡಿಸ್ತಿದ್ದವರು ಬೀದರ್ ಕಡೆಯವರು. ಪರ ಊರಲ್ಲಿ ಕನ್ನಡ ಸಿಕ್ಕಿದ ಖುಷಿಗೆ ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಕ್ಲಬ್ ಬಾಗಿಲಲ್ಲಿ ನಮಗೆ ತಣ್ಣನೆಯ ಟವೆಲ್, ನಿಂಬೆ ಶರಬತ್ತು, ನಗುನಗುತ್ತಾ ಒಂದು 'ವೆಲ್‌ಕಮ್ ಸರ್'. ಅವರಿಗೆ ಮಾತ್ರ ಗೇಟಿನಲ್ಲೇ 'ಡ್ರೈವರ್‌ಗಳು ಆಚೆ' ಅಂತ ಕೈ ತೋರಿಸಿದರು. ಮಧ್ಯಾಹ್ನ ಫೋನ್ ಚಾರ್ಜರ್ ತರೋಕೆ ಹೊರಗೆ ಹೋದೆ. ಕಾಂಪೌಂಡ್ ಗೋಡೆ ಕೊಟ್ಟ ಒಂದು ಗೇಣು ನೆರಳಲ್ಲಿ ಕೂತಿದ್ದರು.

"ಊಟ ಆಯ್ತಾ ಅಣ್ಣಾ?" ಅಂದೆ.

"ನಂದೇನ್ ಬಿಡ್ರಿ ಸಾಹೇಬ್ರ, ಗಾಡ್ಯಾಗ ಡಬ್ಬಿ ಅದ. ನೀವು ಉಣ್ರಿ ಹೋಗ್ರಿ" ಅಂದರು.

ನಾನು ಒಳಗೆ ಹೋಗಿ ಉಂಡೆ. ಯಾರಿಗೂ ಏನೂ ಹೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗ್ತೀನಿ.

ಆಮೇಲೆ ಗಾಲ್ಫ್ ಇತಿಹಾಸ ಓದುವಾಗ ಒಂದು ಸಂಗತಿ ತಿಳಿದು ಬೆಚ್ಚಿದೆ. ನೂರು ವರ್ಷದ ಹಿಂದೆ ಆ ಗೋಡೆಯ ಆಚೆ ನಿಲ್ಲಬೇಕಿದ್ದವರು ಡ್ರೈವರ್‌ಗಳಷ್ಟೇ ಅಲ್ಲ, ಸಾಕ್ಷಾತ್ ಗಾಲ್ಫ್ ಚಾಂಪಿಯನ್ನರು!

ಹೇಗೆ ಅಂತೀರಾ? ಆ ಕಾಲದಲ್ಲಿ ಗಾಲ್ಫ್ ಆಡುವವರಲ್ಲಿ ಎರಡು ಜಾತಿ. ದುಡ್ಡಿಗಾಗಿ ಆಡದ ಅಮೆಚೂರ್, ಅಂದರೆ ಜಂಟಲ್‌ಮನ್. ಬ್ರಿಟನ್ನಿನ ಫಲಿತಾಂಶ ಪಟ್ಟಿಯಲ್ಲಿ ಅವನ ಹೆಸರಿನ ಹಿಂದೆ 'ಮಿಸ್ಟರ್' ಇರುತ್ತಿತ್ತು. ಇನ್ನೊಬ್ಬ ಪ್ರೊಫೆಷನಲ್. ಹೆಚ್ಚಿನವರು ಬಡವರ ಮನೆಯಿಂದ ಬಂದು, ಚಿಕ್ಕಂದಿನಲ್ಲಿ ಕ್ಯಾಡಿಗಳಾಗಿ ಸಾಹುಕಾರರ ಚೀಲ ಹೊತ್ತವರು. ಕೋಲು ರಿಪೇರಿ ಮಾಡೋದು, ಚೆಂಡು ಮಾರೋದು, ಸದಸ್ಯರಿಗೆ ಆಟ ಕಲಿಸೋದು ಅವರ ಹೊಟ್ಟೆಪಾಡು. ಅವರ ಹೆಸರಿಗೆ 'ಮಿಸ್ಟರ್' ಇಲ್ಲ. ಟೂರ್ನಿ ಗೆಲ್ಲುವವರು ಬಹುತೇಕ ಇವರೇ ಆದರೂ ಕ್ಲಬ್‌ಹೌಸ್ ಒಳಗೆ ಪ್ರವೇಶ ಇಲ್ಲ. ಬಟ್ಟೆ ಬದಲಿಸೋದು, ಊಟ ಮಾಡೋದು ಎಲ್ಲಾ ಹೊರಗಿನ ಪ್ರೊ ಶಾಪ್‌ನಲ್ಲೇ. ಈಗಿನ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಪ್ರಾಡಕ್ಟ್ ಕಟ್ಟಿದವನಿಗೇ ಆಫೀಸ್ ಆಕ್ಸೆಸ್ ಕಾರ್ಡ್ ಇಲ್ಲ.

ಈ ಪದ್ಧತಿಗೆ ಎದುರು ನಿಂತವನು ವಾಲ್ಟರ್ ಹೇಗನ್. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನವನು, ಕಮ್ಮಾರನ ಮಗ, ಕ್ಯಾಡಿಯಾಗಿ ಬೆಳೆದವನು. 1914 ಮತ್ತು 1919ರಲ್ಲಿ ಯು.ಎಸ್. ಓಪನ್ ಗೆದ್ದವನು. 1920ರ ಬೇಸಿಗೆಯಲ್ಲಿ ಬ್ರಿಟಿಷ್ ಓಪನ್ ಆಡೋಕೆ ಇಂಗ್ಲೆಂಡಿನ ಡೀಲ್ ಎಂಬ ಕಡಲ ತೀರದ ಊರಿಗೆ ಹೋದ. ಕ್ಲಬ್‌ಹೌಸ್‌ಗೆ ಹೋದರೆ 'ನಿಮ್ಮ ಜಾಗ ಇದಲ್ಲ, ಪ್ರೊ ಶಾಪ್‌ಗೆ ಹೋಗಿ' ಅಂದರು. ಹೇಗನ್ ಜಗಳ ಆಡಲಿಲ್ಲ. ಒಂದು ಭರ್ಜರಿ ಆಸ್ಟ್ರೋ-ಡೈಮ್ಲರ್ ಕಾರನ್ನು ಬಾಡಿಗೆಗೆ ತಂದು ಕ್ಲಬ್‌ಹೌಸ್‌ನ ಮುಂದೆಯೇ ನಿಲ್ಲಿಸಿದ. ಅದರಲ್ಲೇ ಬಟ್ಟೆ ಬದಲಾಯಿಸಿದ, ಅದರಲ್ಲೇ ಊಟ ಮಾಡಿದ. ಆಟದಲ್ಲಿ ಮಾತ್ರ ಮಣ್ಣು ಮುಕ್ಕಿದ, 53ನೇ ಸ್ಥಾನ! ಆದರೆ ಆ ಕಾರು ಇತಿಹಾಸದಲ್ಲಿ ಉಳಿಯಿತು.

ಅವಮಾನದ ಕಥೆಗಳು ಎಲ್ಲ ಕಡೆ ಸಿಗ್ತವೆ. ನನಗೆ ಇಷ್ಟವಾಗಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಒಹಾಯೋ ರಾಜ್ಯದ ಟೊಲಿಡೋದಲ್ಲಿ ನಡೆದದ್ದು.

ಅಲ್ಲಿ ಇನ್ವರ್ನೆಸ್ ಅಂತ ಒಂದು ಕ್ಲಬ್. 1903ರಲ್ಲಿ ಶುರುವಾದದ್ದು. ಸ್ಕಾಟ್ಲೆಂಡಿನ ಊರಿನ ಹೆಸರು, ಆದರೆ ಹಳೇ ಮನೆತನದ ಬಿಗುಮಾನ ಇಲ್ಲದ, ಗಾಜು ಮತ್ತು ಕಾರಿನ ಬಿಡಿಭಾಗದ ಕಾರ್ಖಾನೆಗಳ ಊರು. 1920ರ ಯು.ಎಸ್. ಓಪನ್ ಅಲ್ಲಿ ನಡೆಯಬೇಕಿತ್ತು. ಕ್ಲಬ್‌ನವರು ಒಂದು ತೀರ್ಮಾನ ತಗೊಂಡರು: ಆಡೋಕೆ ಬರುವ ಪ್ರೊಫೆಷನಲ್‌ಗಳೆಲ್ಲ ನಮ್ಮ ಅತಿಥಿಗಳು. ಮುಂಬಾಗಿಲಿನಿಂದಲೇ ಬರಲಿ, ನಮ್ಮ ಲಾಕರ್ ರೂಮ್ ಬಳಸಲಿ, ನಮ್ಮ ಊಟದ ಹಾಲ್‌ನಲ್ಲಿ ನಮ್ಮ ಜೊತೆಯೇ ಕೂತು ಉಣ್ಣಲಿ.

ಇಷ್ಟೇ. ಈಗ ಕೇಳಿದರೆ 'ಇದರಲ್ಲೇನಿದೆ ದೊಡ್ಡದು' ಅನ್ಸುತ್ತೆ. ಆದರೆ ಅಷ್ಟು ದೊಡ್ಡ ಟೂರ್ನಿಯಲ್ಲಿ ಪ್ರೊಫೆಷನಲ್‌ಗಳಿಗೆ ಕ್ಲಬ್‌ಹೌಸ್ ಪೂರ್ತಿ ತೆರೆದದ್ದು ಅದೇ ಮೊದಲು. ಆ ವಾರ ಅಲ್ಲಿದ್ದವರನ್ನು ನೋಡಿ. ಹೇಗನ್ ಇದ್ದ. ಬ್ರಿಟಿಷ್ ಓಪನ್ ಅನ್ನು 6 ಸಲ ಗೆದ್ದ ಹ್ಯಾರಿ ವಾರ್ಡನ್ ಇದ್ದರು, ಆಗ ಅವರಿಗೆ 50 ವರ್ಷ. ಅಂಥವರೂ ತಮ್ಮ ದೇಶದಲ್ಲಿ ಹೊರಗೆ ಊಟ ಮಾಡಬೇಕಿದ್ದವರೇ. ಕೊನೆಯ ದಿನ ವಾರ್ಡನ್ ಮುಂದಿದ್ದರು. ಇನ್ನು ಕೆಲವೇ ಹೋಲ್ ಇರುವಾಗ ಜೋರು ಗಾಳಿ ಎದ್ದು ಅವರ ಆಟ ಕೆಟ್ಟಿತು. ಒಂದೇ ಒಂದು ಹೊಡೆತದ ಅಂತರದಲ್ಲಿ 43ರ ಟೆಡ್ ರೇ ಗೆದ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಟಗಾರರು, ಹೇಗನ್ ಮುಂದಾಳತ್ವದಲ್ಲಿ, ತಮ್ಮೊಳಗೇ ಚಂದಾ ಎತ್ತಿದರು. ಗೆದ್ದವನಿಗೇ 500 ಡಾಲರ್ ಸಿಗುತ್ತಿದ್ದ ಕಾಲ ಅದು. ಆ ದುಡ್ಡಿನಲ್ಲಿ ಆಳೆತ್ತರದ, ಗಂಟೆ ಬಾರಿಸುವ ಒಂದು ಗಡಿಯಾರ ಕೊಂಡು ಇನ್ವರ್ನೆಸ್ ಕ್ಲಬ್‌ಗೆ ಕಾಣಿಕೆ ಕೊಟ್ಟರು. ಮನುಷ್ಯನನ್ನು ಅಳೆಯಬೇಕಾದ್ದು ಅವನ ಗುಣದಿಂದ, ಆಸ್ತಿಯಿಂದ ಅಲ್ಲ ಎಂಬ ಅರ್ಥದ ಸಾಲುಗಳು ಅದರ ಮೇಲಿವೆ. ಗಡಿಯಾರ ಇವತ್ತಿಗೂ ಅದೇ ಕ್ಲಬ್‌ಹೌಸ್‌ನಲ್ಲಿದೆ. ಸಾಮಾನ್ಯವಾಗಿ ಕ್ಲಬ್ ಆಟಗಾರರಿಗೆ ಕಪ್ ಕೊಡುತ್ತೆ. ಇಲ್ಲಿ ಆಟಗಾರರೇ ಕ್ಲಬ್‌ಗೆ ಬಹುಮಾನ ಕೊಟ್ಟರು.

ಅಮೆರಿಕದಲ್ಲಿ ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. ಬ್ರಿಟನ್ ಇನ್ನೂ ತಡ ಮಾಡಿತು. 1923ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಹೇಗನ್ ಒಂದು ಹೊಡೆತದಲ್ಲಿ ಸೋತು ಎರಡನೆಯವನಾದ. ವಾರವಿಡೀ ಹೊರಗಿಟ್ಟವರು ಬಹುಮಾನ ವಿತರಣೆಗೆ ಮಾತ್ರ 'ಒಳಗೆ ಬನ್ನಿ' ಅಂದರು. ಅವನು ಬರೋದಿಲ್ಲ ಅಂದ. ನನ್ನ ಜೊತೆ ಆಟಗಾರರಿಗೆ ಇಲ್ಲದ ಬಾಗಿಲು ನನಗೂ ಬೇಡ ಅಂತ ಹೇಳಿ, ನೋಡೋಕೆ ಬಂದಿದ್ದ ಜನರನ್ನೇ ತಾನು ಇಳಿದುಕೊಂಡಿದ್ದ ಕಡೆಯ ಪಬ್‌ಗೆ ಕರೆದುಕೊಂಡು ಹೋದ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ. ಆದರೆ ಇತಿಹಾಸ ಅಷ್ಟು ಸಲೀಸಲ್ಲ.

1934ರಲ್ಲಿ ಅದೇ ಪ್ರೊಫೆಷನಲ್‌ಗಳ ಸಂಘ, ಪಿ.ಜಿ.ಎ. ಆಫ್ ಅಮೆರಿಕ, ತನ್ನ ನಿಯಮಾವಳಿಯಲ್ಲೇ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ ಬರೆದುಕೊಂಡಿತು. ಗಡಿಯಾರ ಕೊಟ್ಟು 14 ವರ್ಷ ಆಗಿತ್ತು ಅಷ್ಟೇ. ನಿನ್ನೆ ಬಾಗಿಲಾಚೆ ನಿಂತವರು ಇವತ್ತು ಒಳಗೆ ಬಂದು ಚಿಲಕ ಹಾಕಿಕೊಂಡರು. ಆ ನಿಯಮ ಹೋಗೋಕೆ 1961 ಬರಬೇಕಾಯಿತು.

ಇನ್ನೊಂದು ಕಥೆ ನಮಗೆ ಹತ್ತಿರದ್ದು. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಭಾರತೀಯ ಮೂಲದ ಒಬ್ಬ ಕ್ಯಾಡಿ ಇದ್ದರು, ಪಾಪ್ವಾ ಸೆವ್‌ಗೋಲಮ್. ಓದು ಬರಹ ಬಾರದು. ಕೋಲು ಹಿಡಿಯೋದೂ ಎಲ್ಲರಿಗಿಂತ ಉಲ್ಟಾ, ಕೈಗಳು ಅದಲುಬದಲು. 1959ರಲ್ಲಿ ಡಚ್ ಓಪನ್ ಗೆದ್ದರು, 1960ರಲ್ಲಿ ಮತ್ತೆ ಗೆದ್ದರು. ಯುರೋಪ್ ಕೈಕುಲುಕಿತು. 1963ರಲ್ಲಿ ತಮ್ಮದೇ ಊರಿನ ಡರ್ಬನ್ ಕಂಟ್ರಿ ಕ್ಲಬ್‌ನಲ್ಲಿ ನಟಾಲ್ ಓಪನ್ ಗೆದ್ದರು. ಮಳೆ ಸುರೀತಿತ್ತು. ಬಿಳಿಯರೆಲ್ಲ ಕ್ಲಬ್‌ಹೌಸ್ ಒಳಗೆ. ಗೆದ್ದ ಪಾಪ್ವಾ ಮಳೆಯಲ್ಲಿ ನೆನೆಯುತ್ತಾ ಹೊರಗೆ ಟ್ರೋಫಿ ತಗೊಂಡರು, ಯಾಕಂದ್ರೆ ವರ್ಣಭೇದದ ಆಡಳಿತದಲ್ಲಿ ಅವರಿಗೆ ಒಳಗೆ ಜಾಗ ಇರಲಿಲ್ಲ. ಆ ಫೋಟೋ ಜಗತ್ತು ಸುತ್ತಿತು. ದಕ್ಷಿಣ ಆಫ್ರಿಕಾದ ಮೇಲೆ ಕ್ರೀಡಾ ಬಹಿಷ್ಕಾರ ಹಾಕಬೇಕು ಎಂಬ ಕೂಗಿಗೆ ಅದರಿಂದಲೂ ಬಲ ಬಂತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಡರ್ಬನ್‌ನಲ್ಲಿ ತಡೆದದ್ದು ಕಾನೂನು. ಟೊಲಿಡೋದಲ್ಲಿ ಬಾಗಿಲು ತೆರೆಯಿರಿ ಅಂತ ಯಾವ ಕಾನೂನೂ ಹೇಳಿರಲಿಲ್ಲ, ತೆರೆಯದೇ ಇದ್ದಿದ್ದರೆ ಯಾರೂ ಕೇಳ್ತಿರಲಿಲ್ಲ. ಕ್ಲಬ್‌ನವರು ಮಾಡಿದ ಕೆಲಸ ಒಂದೇ, ಊಟದ ಲೆಕ್ಕ ಹಾಕುವಾಗ ಆಟಗಾರರನ್ನೂ ಸೇರಿಸಿದರು.

ಪರ ಊರಿಗೆ ಬಂದ ನಮಗೆ ಇದು ಅರ್ಥ ಆಗಬೇಕು ಅಲ್ವಾ? ಬಾಡಿಗೆ ಮನೆ ಹುಡುಕುವಾಗ 'ಬ್ಯಾಚುಲರ್‌ಗಳಿಗೆ ಇಲ್ಲ', 'ಹೊರಗಿನವರಿಗೆ ಇಲ್ಲ' ಅಂತ ಕೇಳಿಸಿಕೊಂಡವರು ನಾವೇ. ಈಗ ಅದೇ ನಾವು ಸೊಸೈಟಿ ಮೀಟಿಂಗ್‌ನಲ್ಲಿ ಕೂತು, ಮನೆಕೆಲಸದವರಿಗೆ ಯಾವ ಲಿಫ್ಟ್ ಅಂತ ಚರ್ಚೆ ಮಾಡ್ತೀವಿ. 1934ರ ಪಿ.ಜಿ.ಎ. ಕಥೆ ಓದಿದಾಗ ನನಗೆ ನೆನಪಾಗಿದ್ದು ಅಮೆರಿಕ ಅಲ್ಲ, ನಮ್ಮ ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗ್ರೂಪ್.

ಮುಂದಿನ ವರ್ಷದ ಔಟಿಂಗ್ ಹೊತ್ತಿಗೆ ಹೆಡ್‌ಕೌಂಟ್ ಕಳಿಸೋ ಕೆಲಸ ನನ್ನ ಪಾಲಿಗೆ ಬಂತು. ನಾವು 32 ಜನ. ನಾನು 36 ಅಂತ ಕಳಿಸಿದೆ. 'ಇನ್ನು ನಾಲ್ಕು ಯಾರು?' ಅಂತ ಕೇಳಿದರು. 'ಡ್ರೈವರ್‌ಗಳು' ಅಂತ ಬರೆದೆ. ಒಂದು ನಿಮಿಷ ಉತ್ತರ ಬರಲಿಲ್ಲ, ಆಮೇಲೆ 'ಓಕೆ' ಅಂತ ಬಂತು. ಅಷ್ಟು ಸುಲಭ ಇತ್ತು. ಮೊದಲ ವರ್ಷವೇ ಕೇಳಬಹುದಿತ್ತು.

ಬೀದರಿನ ಅಣ್ಣ ಆ ಸಲ ನಮ್ಮ ಗಾಡಿಗೆ ಬರಲಿಲ್ಲ. ಅವರ ನಂಬರ್ ನನ್ನ ಹತ್ತಿರ ಇಲ್ಲ. ಅವರ ಊಟ ಬಾಕಿಯೇ ಉಳಿಯಿತು.

ನಿಮ್ಮನ್ನು ಯಾವ ಬಾಗಿಲು ಒಳಗೆ ಕರೆದಿದೆ, ಯಾವುದು ಹೊರಗೆ ನಿಲ್ಲಿಸಿದೆ, ಬರೆದು ತಿಳಿಸಿ, ಖಂಡಿತ ಓದ್ತೀನಿ. ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಸಿಗೋಣ.