ಮೂರು ತಾರೆಗಳ ಸಾಕ್ಷ್ಯ

ಕಪ್ಪು ದ್ರವ್ಯದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಬ್ಬರನ್ನು ನೆನೆಯುತ್ತಾರೆ: 1933ರಲ್ಲಿ ಕೋಮಾ ಗೆಲಾಕ್ಸಿ ಸಮೂಹವನ್ನು ಪರಿಶೀಲಿಸಿದ ಫ್ರಿಟ್ಸ್ ಜ್ವಿಕಿ ಮತ್ತು 1970ರಲ್ಲಿ ಕೆಂಟ್ ಫೋರ್ಡ್ ಅವರೊಡನೆ ಆಂಡ್ರೊಮೀಡಾದ ಪರಿಭ್ರಮಣೆಯನ್ನು ಅಳೆದ ವೆರಾ ರೂಬಿನ್. ಕಾಣುವ ದ್ರವ್ಯದ ಗುರುತ್ವವಷ್ಟೇ ಸಾಲದು, ಕಾಣದ್ದೇನೋ ಇರಬೇಕು ಎಂಬ ವಾದ ಬಲಗೊಂಡದ್ದು ಇಂಥವರ ಅಳತೆಗಳಿಂದ. ಮಾರ್ಕ್ ಆರನ್‌ಸನ್ ಎಂಬ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ವಿಜ್ಞಾನ ಓದಿದವರೂ ಕೇಳಿರಲಾರರೆಂದು ಊಹಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಆಕಾಶಗಂಗೆಯ ಸುತ್ತ ಹಲವು ಕುಬ್ಜ ಗೆಲಾಕ್ಸಿಗಳಿವೆ. ಅವುಗಳಲ್ಲಿ ಡ್ರೇಕೋ ಒಂದು. ದೂರ ಸುಮಾರು 2.6 ಲಕ್ಷ ಜ್ಯೋತಿರ್ವರ್ಷ. ಅದರ ಒಟ್ಟು ಬೆಳಕು ಕೆಲವೇ ಲಕ್ಷ ಸೂರ್ಯರಷ್ಟು. 1983ರಲ್ಲಿ ಆರನ್‌ಸನ್ ಅರಿಜೋನಾದ ದೂರದರ್ಶಕವೊಂದರಿಂದ ಡ್ರೇಕೋದ ಮೂರು ಇಂಗಾಲ ತಾರೆಗಳ ವೇಗವನ್ನು ಅಳೆದರು. ವರ್ಣಪಟಲದ ರೇಖೆಗಳು ಎಷ್ಟು ಸರಿದಿವೆಯೆಂದು ನೋಡಿ ವೇಗ ತಿಳಿಯುವ ಡಾಪ್ಲರ್ ವಿಧಾನ ನಿಮಗೆ ನೆನಪಿರಬಹುದು. ರೈಲಿನ ಸಿಳ್ಳಿನ ಉದಾಹರಣೆ ಕೊಟ್ಟೇ ಪಾಠ ಮಾಡಿದ್ದೆ. ಕಾಣುವ ತಾರೆಗಳ ಗುರುತ್ವವೊಂದೇ ಇದ್ದಿದ್ದರೆ ಈ ವೇಗಗಳ ನಡುವಣ ಅಂತರ ಸೆಕೆಂಡಿಗೆ ಒಂದೆರಡು ಕಿಲೋಮೀಟರ್ ಇರಬೇಕಿತ್ತು. ಸಿಕ್ಕಿದ್ದು ಸುಮಾರು ಆರೂವರೆ. ಅಷ್ಟು ವೇಗದ ತಾರೆಗಳನ್ನು ಹಿಡಿದಿಡಲು ಬೆಳಕು ಬೀರದ ದ್ರವ್ಯ ಅಲ್ಲಿ ಹೇರಳವಾಗಿರಬೇಕು.

ಮೂರೇ ಮೂರು ತಾರೆಗಳ ಸಾಕ್ಷ್ಯದಿಂದ ಇಡೀ ಗೆಲಾಕ್ಸಿಯನ್ನು ತೂಗುವುದೇ? ಸಂಶಯ ಸಹಜವಾಗಿತ್ತು. ಜೋಡಿ ತಾರೆಗಳಾಗಿದ್ದರೆ ಒಂದನ್ನೊಂದು ಸುತ್ತುವ ಚಲನೆಯೇ ಲೆಕ್ಕವನ್ನು ಕೆಡಿಸಬಲ್ಲದು. ಮುಂದೆ ನೂರಾರು ತಾರೆಗಳನ್ನು ಅಳೆದ ಮೇಲೂ ಆರನ್‌ಸನ್‌ರ ನಿರ್ಣಯ ನಿಂತಿತು. ಆದರೆ ಅದನ್ನು ನೋಡಲು ಅವರು ಉಳಿದಿರಲಿಲ್ಲ. 1987ರ ಏಪ್ರಿಲ್ 30ರಂದು ಕಿಟ್ ಪೀಕ್ ವೀಕ್ಷಣಾಲಯದಲ್ಲಿ, ತಿರುಗುವ ಗುಮ್ಮಟಕ್ಕೆ ಸಂಬಂಧಿಸಿದ ಅವಘಡದಲ್ಲಿ ಮಡಿದರು. ವಯಸ್ಸು ಮೂವತ್ತಾರು.

ಗಾಮಾ ಕಿರಣಗಳ ಕಥೆ ಇಲ್ಲಿಂದ ಮುಂದಿನದು. ಕಪ್ಪು ದ್ರವ್ಯವು ಒಂದು ಬಗೆಯ ಭಾರವಾದ ಕಣಗಳಿಂದಾಗಿದ್ದರೆ, ಅಂತಹ ಎರಡು ಕಣಗಳು ಸಂಧಿಸಿದಾಗ ಪರಸ್ಪರ ನಾಶವಾಗಿ ಗಾಮಾ ಕಿರಣಗಳು ಹುಟ್ಟಬಹುದು. ಇದನ್ನು ಎಲ್ಲಿ ಹುಡುಕಬೇಕು? ಆಕಾಶಗಂಗೆಯ ಕೇಂದ್ರದಲ್ಲಿ ದ್ರವ್ಯ ಅಪಾರ, ಆದರೆ ಅದು ಸಂತೆಯಿದ್ದಂತೆ. ಅನಿಲ, ಪಲ್ಸಾರುಗಳು, ಎಲ್ಲವೂ ಕಿರಣ ಸೂಸುತ್ತವೆ. ಕುಬ್ಜಗಳಲ್ಲಾದರೋ ಅನಿಲ ಇಲ್ಲವೆಂಬಷ್ಟು ಕಡಿಮೆ, ಹೊಸ ತಾರೆಗಳು ಹುಟ್ಟುವುದಿಲ್ಲ. ಸಂತೆಯಲ್ಲಿ ಕೇಳದ ಪಿಸುಮಾತು ಅಂಥ ನಿರ್ಜನ ಗುಡಿಯಲ್ಲಿ ಕೇಳಬಹುದು.

2008ರ ಜೂನ್ 11ರಂದು ಹಾರಿದ ಫರ್ಮಿ ಉಪಗ್ರಹಕ್ಕೆ ಇದೂ ಒಂದು ಕೆಲಸ. ಗಾಮಾ ಕಿರಣವನ್ನು ಕನ್ನಡಿಯಿಂದ ಹಿಡಿಯಲಾಗದು. ಅದಕ್ಕೆಂದೇ ಟಂಗ್‌ಸ್ಟನ್ನಿನ ತೆಳುಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ. ಕಿರಣವು ಹಾಳೆಯಲ್ಲಿ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತದೆ. ಆ ಜೋಡಿಯ ಹೆಜ್ಜೆ ಗುರುತಿನಿಂದ ಕಿರಣ ಬಂದ ದಿಕ್ಕನ್ನು ಊಹಿಸುತ್ತಾರೆ.

2015ರಲ್ಲಿ ಒಮ್ಮೆ ಆಸೆ ಚಿಗುರಿತು. ಆಗಷ್ಟೇ ಪತ್ತೆಯಾಗಿದ್ದ ರೆಟಿಕ್ಯುಲಮ್–2 ಎಂಬ ಕುಬ್ಜದ ಕಡೆಯಿಂದ ಗಾಮಾ ಕಿರಣಗಳು ತುಸು ಹೆಚ್ಚಾಗಿ ಬರುತ್ತಿವೆಯೆಂದು ಒಂದು ತಂಡ ಹೇಳಿತು. ಫರ್ಮಿ ತಂಡವು ಸುಧಾರಿತ ವಿಶ್ಲೇಷಣೆ ಮಾಡಿದಾಗ ಅದು ಗಣನೀಯವೆನಿಸಲಿಲ್ಲ. ಅದೇ ವರ್ಷ ಹದಿನೈದು ಕುಬ್ಜಗಳ ಆರು ವರ್ಷದ ದತ್ತಾಂಶವನ್ನು ಒಟ್ಟುಗೂಡಿಸಿದರೂ ಸದ್ದಿಲ್ಲ. ಆ ನಿಶ್ಶಬ್ದವನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಸರಳ ಲೆಕ್ಕಾಚಾರಗಳು ಸೂಚಿಸಿದ್ದ ಕಣಗಳ ಪೈಕಿ, ಪ್ರೋಟಾನಿನ ಸುಮಾರು ನೂರರಷ್ಟು ತೂಕದವರೆಗಿನ ಹಲವನ್ನು ಅದೇ ಪಟ್ಟಿಯಿಂದ ಹೊಡೆದುಹಾಕಿತು. ಆಕಾಶಗಂಗೆಯ ಕೇಂದ್ರದಲ್ಲಿ 2009ರಿಂದ ವಾದಕ್ಕೆ ಕಾರಣವಾಗಿರುವ ಹೆಚ್ಚುವರಿ ಗಾಮಾ ಹೊಳಪು ಕಪ್ಪು ದ್ರವ್ಯದ್ದೆನ್ನುವವರು ಇಂದಿಗೂ ಈ ಕುಬ್ಜಗಳ ಮೌನಕ್ಕೆ ಉತ್ತರ ಹೇಳಬೇಕಾಗಿದೆ.

ಆಕಾಶಗಂಗೆಯ ಸುತ್ತ ಈಗ ಗೊತ್ತಿರುವ ಕುಬ್ಜಗಳು ಅರವತ್ತನ್ನು ಮೀರಿವೆ. ಚಿಲಿಯಲ್ಲಿ 2025ರಲ್ಲಿ ಮೊದಲ ಚಿತ್ರಗಳನ್ನು ಕೊಟ್ಟ ಹೊಸ ವೀಕ್ಷಣಾಲಯ ಇನ್ನೂ ಅನೇಕವನ್ನು ಹುಡುಕಿಕೊಡುವ ನಿರೀಕ್ಷೆಯಿದೆ. ಅದಕ್ಕೆ ಇಟ್ಟಿರುವುದು ವೆರಾ ರೂಬಿನ್ ಅವರ ಹೆಸರನ್ನು.